ಲೇಕ್ ಲೂಯಿಸ್‌ನಲ್ಲಿ ಒಂದೇ ದಿನ ಇದೆ: ಅಪ್ಪ ಅಮ್ಮನ ಜೊತೆ ಯಾವ ಟೀಹೌಸ್‌ಗೆ ಹತ್ತುವುದು?

ತೋಟದಮನೆ, ಶಿರಸಿ:

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಮೂರನೇ ವಾರ ಅಪ್ಪ, ಅಮ್ಮನನ್ನು ಕರೆದುಕೊಂಡು ಕೆನಡಾಕ್ಕೆ ಹೊರಟಿದ್ದೇನೆ. ತಂಗಿ ಇರುವುದು ಕ್ಯಾಲ್ಗರಿಯಲ್ಲಿ. ಅವಳ ರಜೆ ಲೆಕ್ಕ ಹಾಕಿದರೆ ಲೇಕ್ ಲೂಯಿಸ್‌ಗೆ ಸಿಗುವುದು ಒಂದೇ ದಿನ.

ಅಲ್ಲಿ ಕೆರೆ ದಂಡೆಯಿಂದ ಹತ್ತಿಹೋದರೆ ಬೆಟ್ಟದಲ್ಲಿ ಎರಡು ಹಳೆಯ ಟೀಹೌಸ್ ಇವೆ. ಒಂದು ಲೇಕ್ ಆಗ್ನೆಸ್, ಇನ್ನೊಂದು ಪ್ಲೇನ್ ಆಫ್ ಸಿಕ್ಸ್ ಗ್ಲೇಸಿಯರ್ಸ್. ಎರಡಕ್ಕೂ ಗಾಡಿ ಹೋಗುವುದಿಲ್ಲ. ತಂಗಿ ಫೋಟೋ ಕಳಿಸಿದ ದಿನದಿಂದ ಅಮ್ಮನ ತಲೆಯಲ್ಲಿ ಅದೇ ಕೂತಿದೆ. ಅಷ್ಟು ಮೇಲೆ ಕೂತು ಒಂದು ಲೋಟ ಚಹಾ ಕುಡಿಯಬೇಕು ಅಂತ. ವೀಸಾ ಫೋಟೋ ತೆಗೆಸಲು ಹೋದಾಗ ಸ್ಟುಡಿಯೋದವರಿಗೂ ಅದನ್ನೇ ಹೇಳಿದರು.

ಅಮ್ಮನಿಗೆ 61. ನಮ್ಮದು ಮನೆ ಮೇಲೆ, ತೋಟ ಕೆಳಗೆ. ದಿನಕ್ಕೆರಡು ಸಲ ಇಳಿದು ಹತ್ತುತ್ತಾರೆ. ಆದರೆ ಎರಡು ವರ್ಷದಿಂದ ಇಳಿಯುವಾಗ ಬಲ ಮೊಣಕಾಲು ನೋಯುತ್ತದೆ. ಅಪ್ಪನಿಗೆ 68. ದಮ್ಮು ಚೆನ್ನಾಗಿದೆ, ಎಷ್ಟು ಬೇಕಾದರೂ ನಡೆಯುತ್ತಾರೆ. ಆದರೆ ಎತ್ತರದ ಅಂಚು ಕಂಡರೆ ತಲೆ ತಿರುಗುತ್ತದೆ. ಉಂಚಳ್ಳಿ ಜಲಪಾತಕ್ಕೆ ಹೋದರೂ ಕಟಕಟೆ ಹತ್ತಿರ ಬರುವುದಿಲ್ಲ, ಹಿಂದೆ ಮರ ಹಿಡಿದು ನಿಂತೇ ನೋಡುತ್ತಾರೆ.

ಇಬ್ಬರನ್ನೂ ಕೆಳಗೆ ಬಿಟ್ಟು ನಾನು ಹತ್ತಿ ಬರುವುದು ಬೇಡ. ಹೋಗಿ ಬಂದವರು ಇದ್ದರೆ ಹೇಳಿ, ಯಾವುದು?

ಕಾಳಿ ದಂಡೆ, ಕಾರವಾರ:

ನಾಲ್ಕು ವರ್ಷ ಕ್ಯಾಲ್ಗರಿಯಲ್ಲಿ ಕೆಲಸ ಮಾಡಿ ಬಂದಿದ್ದೇನೆ. ಎರಡಕ್ಕೂ ತುಂಬಾ ಸಲ ಹತ್ತಿದ್ದೇನೆ. ಮೊದಲು ಲೆಕ್ಕ ಹೇಳುತ್ತೇನೆ.

ಲೇಕ್ ಲೂಯಿಸ್ ಕೆರೆ ಇರುವುದೇ ಸುಮಾರು 1,730 ಮೀಟರ್ ಎತ್ತರದಲ್ಲಿ. ಆಗ್ನೆಸ್ ಟೀಹೌಸ್ 2,135 ಮೀಟರ್. ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಮೇಲೆ ಕೂತು ಚಹಾ ಕುಡಿದ ಹಾಗೆ. ಒಂದು ಕಡೆಗೆ ಸುಮಾರು ಮೂರೂವರೆ ಕಿಲೋಮೀಟರ್, ಏರು 400 ಮೀಟರ್. ಯಾಣದ ಭೈರವೇಶ್ವರ ಶಿಖರ 120 ಮೀಟರ್ ಅಲ್ವಾ, ಅಂಥ ಮೂರನ್ನು ಒಂದರ ಮೇಲೊಂದು ನಿಲ್ಲಿಸಿದರೂ ಇನ್ನೂ ಸ್ವಲ್ಪ ಉಳಿಯುತ್ತದೆ. ಪ್ಲೇನ್ ಆಫ್ ಸಿಕ್ಸ್ ಗ್ಲೇಸಿಯರ್ಸ್, ಅಂದರೆ ಆರು ಹಿಮನದಿಯ ಟೀಹೌಸ್, ಒಂದು ಕಡೆಗೆ ಸುಮಾರು ಐದೂವರೆ ಕಿಲೋಮೀಟರ್, ಏರು 370 ಮೀಟರ್ ಹತ್ತಿರ.

ನನ್ನ ಮತ ಆಗ್ನೆಸ್‌ಗೆ. ದಾರಿ ಅಗಲ ಇದೆ, ಬಹುಪಾಲು ಕಾಡಿನ ನೆರಳು. ನಿಮ್ಮ ಅಪ್ಪನಿಗೆ ತೊಂದರೆ ಕೊಡುವಂಥ ಇಕ್ಕಟ್ಟಿನ ಅಂಚು ಕಡಿಮೆ. ಎರಡೂವರೆ ಕಿಲೋಮೀಟರ್ ದಾಟಿದ ಮೇಲೆ ಮಿರರ್ ಲೇಕ್ ಅಂತ ಪುಟ್ಟದೊಂದು ದುಂಡು ಕೆರೆ ಸಿಗುತ್ತದೆ. ಅದರ ಹಿಂದೆಯೇ ಜೇನುಗೂಡಿನ ಆಕಾರದ ದೊಡ್ಡ ಬಂಡೆ ಬೆಟ್ಟ. ಹೆಸರೂ ಅದೇ, ಬಿಗ್ ಬೀಹೈವ್. ಅಲ್ಲಿ ಕಾಲು ಗಂಟೆ ಕೂತರೆ ದಣಿವು ಇಳಿಯುತ್ತದೆ. ಕೊನೆಗೆ ಜಲಪಾತದ ಪಕ್ಕದಲ್ಲಿ ಮರದ ಮೆಟ್ಟಿಲು. ಹತ್ತಿ ತಲೆ ಎತ್ತಿದರೆ ಟೀಹೌಸ್, ಅದರ ಆಚೆ ಆಗ್ನೆಸ್ ಕೆರೆ.

ಅಲ್ಲಿ ಕರೆಂಟ್ ಇಲ್ಲ, ನಲ್ಲಿಯೂ ಇಲ್ಲ. ಆ ಕೆರೆಯ ನೀರನ್ನೇ ಕುದಿಸಿ ಚಹಾ ಮಾಡುತ್ತಾರೆ. ಹಿಟ್ಟು, ಸಕ್ಕರೆಯಂಥ ಭಾರದ ಸಾಮಾನು ಹಂಗಾಮಿನ ಶುರುವಿಗೆ ಹೆಲಿಕಾಪ್ಟರಿನಲ್ಲಿ ಬರುತ್ತದೆ. ತರಕಾರಿ, ಹಣ್ಣು ಎಲ್ಲ ಕೆಲಸದವರೇ ಬೆನ್ನ ಮೇಲೆ ಹೊತ್ತು ತರುವುದು. 1901ರಲ್ಲಿ ಕೆನಡಿಯನ್ ಪೆಸಿಫಿಕ್ ರೈಲ್ವೆಯವರು ನಡೆದು ಬಂದವರ ಆಸರೆಗೆ ಅಂತ ಕಟ್ಟಿಸಿದ್ದು, 1905ರಿಂದ ಚಹಾ ಸಿಗುತ್ತಿದೆ. 1981ರಲ್ಲಿ ಹಳೆಯ ಮರದ ಕಟ್ಟಡ ತೆಗೆದು ಹೊಸದು ಕಟ್ಟಿದರು. ಆದರೆ ಕಿಟಕಿ, ಮೇಜು, ಕುರ್ಚಿ ಹಳೆಯವನ್ನೇ ಇಟ್ಟುಕೊಂಡರು. ಆ ಮೇಜಿನ ಅಂಚು ಕೈ ತಾಗಿ ತಾಗಿ ನುಣ್ಣಗಾಗಿದೆ. ನಮ್ಮ ಹಳೆ ಮನೆಗಳ ಜಗುಲಿ ಕಂಬದ ಹಾಗೆ.

ಇನ್ನೊಂದು ಕಾರಣ. ನೀವು ಹೋಗುವುದು ಸೆಪ್ಟೆಂಬರ್ ಮೂರನೇ ವಾರ. ಆಗ ಆ ಎತ್ತರದಲ್ಲಿ ಲಾರ್ಚ್ ಮರ ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಪೈನ್ ಥರವೇ ಸೂಜಿ ಎಲೆ, ಆದರೆ ಚಳಿಗಾಲಕ್ಕೆ ಎಲೆ ಪೂರ್ತಿ ಉದುರಿಸುವ ಮರ ಅದು. ಆಗ್ನೆಸ್ ಕೆರೆಯ ಸುತ್ತ, ಬೀಹೈವ್ ಕಡೆ ಚೆನ್ನಾಗಿ ಕಾಣುತ್ತದೆ. ಹೆಚ್ಚೆಂದರೆ ಎರಡು ವಾರ ಇರುವ ಬಣ್ಣ. ಅದನ್ನು ತಪ್ಪಿಸಿಕೊಳ್ಳಬೇಡಿ.

ಕಡಲಹಕ್ಕಿ, ಕುಮಟಾ:

ಕಾರವಾರದವರು ಹೇಳಿದ್ದೆಲ್ಲ ಸರಿ. ಆದರೂ ನಾನು ಒಪ್ಪುವುದಿಲ್ಲ.

ಎರಡು ವರ್ಷದ ಹಿಂದೆ ನನ್ನ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಎಲ್ಲರೂ ಮೂರೂವರೆ ಕಿಲೋಮೀಟರ್ ಅಂದರೆ ಸುಲಭ ಅಂದರು, ಆಗ್ನೆಸ್ ದಾರಿ ಹಿಡಿದೆವು. ಆ ದಾರಿಯಲ್ಲಿ ಮೊದಲ ಹೆಜ್ಜೆಯಿಂದಲೇ ಏರು. ಮೈ ಬಿಸಿಯಾಗುವ ಮೊದಲೇ ಉಸಿರು ಕಟ್ಟುತ್ತದೆ. ಕಾಡಿನೊಳಗೆ ಹೋದ ಮೇಲೆ ಮರದ ಸಂದಿಯಲ್ಲಿ ಆಗಾಗ ಕೆಳಗಿನ ಕೆರೆ ಇಣುಕುವುದು ಬಿಟ್ಟರೆ ಮಿರರ್ ಲೇಕ್ ತನಕ ನೋಡುವುದಕ್ಕೆ ಜಾಸ್ತಿ ಏನಿಲ್ಲ. ಒಂದೂವರೆ ಕಿಲೋಮೀಟರಿಗೆ ಅಮ್ಮನಿಗೆ ಸಾಕಾಯಿತು. ವಾಪಸ್ ಬಂದೆವು. ಅಂದರೆ ಅಮ್ಮ ಅಷ್ಟು ಹತ್ತಿದ್ದಕ್ಕೆ ಕಂಡದ್ದು ಬರೀ ಮರ ಮತ್ತು ಜನರ ಬೆನ್ನು. ಅವತ್ತು ರಾತ್ರಿ ಅವರು ಸರಿಯಾಗಿ ಮಾತಾಡಲಿಲ್ಲ. "ನನ್ನಿಂದ ನಿಮ್ಮದೆಲ್ಲ ಹಾಳಾಯಿತು" ಅಂತ ಒಂದೇ ಮಾತು. ಅದು ನನಗೆ ಈಗಲೂ ಚುಚ್ಚುತ್ತದೆ.

ಮರುದಿನ ನಮಗೆ ಇನ್ನೂ ಅರ್ಧ ದಿನ ಇತ್ತು. ಸುಮ್ನೆ ಕೆರೆ ದಂಡೆಯಲ್ಲಿ ನಡೆಯೋಣ ಅಂತ ಹೊರಟೆವು. ಅದೇ ಆರು ಹಿಮನದಿಯ ದಾರಿ. ಮೊದಲ ಎರಡು ಕಿಲೋಮೀಟರ್ ಪೂರ್ತಿ ಸಮತಟ್ಟು, ಎಡಕ್ಕೆ ಕೈಗೆಟಕುವಷ್ಟು ಹತ್ತಿರ ನೀರು. ಕೆರೆಯ ಆ ತುದಿಗೆ ಮುಟ್ಟಿದಾಗ ಅಮ್ಮನ ಮುಖವೇ ಬೇರೆ ಆಗಿತ್ತು. ಹಿಮನದಿಯ ನೀರು ಕೆರೆಗೆ ಸೇರುವ ಜಾಗ ಅದು. ಹಾಲು ಬೆರೆಸಿದ ಹಾಗೆ ಬೆಳ್ಳಗೆ ಬರುವ ನೀರು ಒಳಗೆ ಹೋಗುತ್ತಾ ನೀಲಿ ಹಸಿರು ಆಗುತ್ತದೆ. ಅಲ್ಲಿಂದ ಮೇಲೆ ಹೋಗಲಿಲ್ಲ. ಆದರೆ ಅಮ್ಮನಿಗೆ ಪೂರ್ತಿ ನೋಡಿದ ತೃಪ್ತಿ ಇತ್ತು.

ಅದಕ್ಕೇ ನನ್ನ ಮತ ಪ್ಲೇನ್ ಆಫ್ ಸಿಕ್ಸ್ ಗ್ಲೇಸಿಯರ್ಸ್‌ಗೆ. ಉದ್ದ ಜಾಸ್ತಿ, ಆದರೆ ಏರು ನಿಧಾನ.

ಕರಿ ಇಶಾಡ, ಅಂಕೋಲಾ:

ನೀರಿನ ಬಣ್ಣದ ಬಗ್ಗೆ ಒಂದು ಮಾತು. ಹಿಮನದಿ ಜರುಗುವಾಗ ಕೆಳಗಿನ ಬಂಡೆಯನ್ನು ಬೀಸುಕಲ್ಲಿನ ಹಾಗೆ ಅರೆಯುತ್ತದೆ. ಆ ಪುಡಿ ಎಷ್ಟು ಸಣ್ಣ ಅಂದರೆ ತಳಕ್ಕೆ ಕೂರದೆ ನೀರಿನಲ್ಲೇ ತೇಲುತ್ತಿರುತ್ತದೆ. ಬಿಸಿಲು ಬಿದ್ದಾಗ ನೀಲಿ ಮತ್ತು ಹಸಿರು ಬೆಳಕು ಅದಕ್ಕೆ ಬಡಿದು ನಮ್ಮ ಕಣ್ಣಿಗೆ ಬರುತ್ತದೆ. ಮೋಡ ಇದ್ದರೆ ಬಣ್ಣ ಸ್ವಲ್ಪ ಮಂಕು.

ಶರಾವತಿ ಕೊನೆ, ಹೊನ್ನಾವರ:

ಕುಮಟಾದ ಅಕ್ಕನ ಅನುಭವ ಓದಿ ಬೇಜಾರಾಯಿತು. ಆದರೆ "ಏರು ನಿಧಾನ" ಅನ್ನುವುದು ಸರಿಯಲ್ಲ. ಹಾಗೆ ನಂಬಿಕೊಂಡು ಹೋದರೆ ಶಿರಸಿಯವರಿಗೆ ಅರ್ಧ ದಾರಿಯಲ್ಲಿ ಆಶ್ಚರ್ಯ ಆಗುತ್ತದೆ.

ಲೆಕ್ಕ ಹಾಕಿ ನೋಡಿ. ಆರು ಹಿಮನದಿ ದಾರಿಯ ಐದೂವರೆ ಕಿಲೋಮೀಟರಿನಲ್ಲಿ ಎರಡು ಸಮತಟ್ಟು. ಉಳಿದದ್ದು ಮೂರೂವರೆ. ಆ ಮೂರೂವರೆಯಲ್ಲಿ 370 ಮೀಟರ್ ಹತ್ತಬೇಕು. ಆಗ್ನೆಸ್‌ನಲ್ಲಿ ಮೂರೂವರೆಗೆ 400. ಹತ್ತುವ ಭಾಗ ಎರಡರಲ್ಲೂ ಹೆಚ್ಚುಕಡಿಮೆ ಒಂದೇ! ಮೊಣಕಾಲಿಗೆ ಎರಡೂ ಒಂದೇ ಕೆಲಸ ಕೊಡುತ್ತವೆ. ಆರು ಹಿಮನದಿಯಲ್ಲಿ ಹೋಗಿ ಬರುವಾಗ ನಾಲ್ಕು ಕಿಲೋಮೀಟರ್ ನಡಿಗೆ ಹೆಚ್ಚು, ಅಷ್ಟೇ.

ಹಾಗಾದರೆ ವ್ಯತ್ಯಾಸ ಎಲ್ಲಿ? ನನ್ನ ಪ್ರಕಾರ ಮೇಲಿನ ಭಾಗದ ನೆಲದಲ್ಲಿ. ಆಗ್ನೆಸ್ ದಾರಿ ಗಟ್ಟಿ, ತುಳಿದು ತುಳಿದು ಹಸನಾದದ್ದು. ಆರು ಹಿಮನದಿ ದಾರಿ ಕಾಡು ಮುಗಿದ ಮೇಲೆ ಬಯಲಿಗೆ ಬರುತ್ತದೆ. ಹಿಮನದಿ ದೂಡಿ ಬಿಟ್ಟ ಕಲ್ಲು, ಜಲ್ಲಿಯ ಮೇಲೆ ನಡೆಯಬೇಕು. ಇಳಿಯುವಾಗ ಸಣ್ಣ ಕಲ್ಲು ಕಾಲಡಿ ಉರುಳುತ್ತದೆ. ಹಿಮದ ಮೇಲಿಂದ ಬರುವ ಗಾಳಿ ಸೀದಾ ಎದೆಗೆ ಹೊಡೆಯುತ್ತದೆ. ಒಂದು ಕಡೆ ಬಂಡೆಗೆ ಅಂಟಿಕೊಂಡು ನಡೆಯುವ ಇಕ್ಕಟ್ಟು ಜಾಗ ಇದೆ, ಹಿಡಿದುಕೊಳ್ಳಲು ಉಕ್ಕಿನ ಹಗ್ಗ ಹಾಕಿದ್ದಾರೆ. ಉದ್ದ ಹೆಚ್ಚಿಲ್ಲ. ಆದರೆ ಉಂಚಳ್ಳಿ ಕಟಕಟೆಗೇ ಬರದ ನಿಮ್ಮ ಅಪ್ಪನಿಗೆ ಅಲ್ಲಿ ಕಷ್ಟ ಆಗುತ್ತದೆ.

ನಾನು ಎರಡನ್ನೂ ಒಂದೇ ದಿನ ಸೇರಿಸಿ ನಡೆದವನು. ನಡುವೆ ಹೈಲೈನ್ ಅಂತ ದಾರಿ ಇದೆ, ಸುತ್ತು ಹಾಕಿದರೆ ಒಟ್ಟು ಹತ್ತಿರ ಹತ್ತಿರ 15 ಕಿಲೋಮೀಟರ್. ಅದು ನಿಮಗೆ ಖಂಡಿತ ಬೇಡ. ಒಂದನ್ನೇ ಚೆನ್ನಾಗಿ ಮಾಡಿ.

ಕಡಲಹಕ್ಕಿ, ಕುಮಟಾ:

ಲೆಕ್ಕ ಒಪ್ಪುತ್ತೇನೆ. ನಾನು ಆ ಏರನ್ನು ಹತ್ತಿರಲಿಲ್ಲ, ಬರೆಯಬಾರದಿತ್ತು. ಆದರೆ ನನ್ನ ಮುಖ್ಯ ಮಾತು ಏರಿನದ್ದಲ್ಲ. ಎಲ್ಲಿ ನಿಂತರೂ ಅಲ್ಲಿಯ ತನಕ ಬಂದದ್ದು ಸಾರ್ಥಕ ಅನ್ನಿಸಬೇಕು. ವಯಸ್ಸಾದವರ ಜೊತೆ ಹೋಗುವಾಗ ನಾನು ಈಗ ಅದನ್ನೇ ನೋಡುವುದು. ಆಗ್ನೆಸ್ ದಾರಿಯಲ್ಲಿ ಮೇಲೆ ಮುಟ್ಟಿದರೆ ಎಲ್ಲ ಸಿಗುತ್ತದೆ, ನಡುವೆ ಬಿಟ್ಟರೆ ಹೆಚ್ಚೇನೂ ಸಿಗುವುದಿಲ್ಲ. ಆರು ಹಿಮನದಿಯ ದಾರಿಯಲ್ಲಿ ಕೆರೆಯ ತುದಿಯೇ ಒಂದು ಊರು ಮುಟ್ಟಿದ ಹಾಗೆ.

ಕಾಳಿ ದಂಡೆ, ಕಾರವಾರ:

ಮಿರರ್ ಲೇಕ್ ಇದೆಯಲ್ಲ ನಡುವೆ!

ಕಡಲಹಕ್ಕಿ, ಕುಮಟಾ:

ಇದೆ. ಆದರೆ ಅಲ್ಲಿಗೆ ಮುಟ್ಟುವಷ್ಟರಲ್ಲಿ ಮುಕ್ಕಾಲು ಹತ್ತಿ ಆಗಿರುತ್ತದೆ. ಅಮ್ಮನಂಥವರು ನಿಲ್ಲುವುದು ಅದಕ್ಕಿಂತ ಮೊದಲೇ.

ಬಿಳಿ ಜಾಜಿ, ಯಲ್ಲಾಪುರ:

ನಾನು ಫಿಸಿಯೋಥೆರಪಿಸ್ಟ್. ಮೊಣಕಾಲಿನ ಬಗ್ಗೆ ಸ್ವಲ್ಪ ಹೇಳಬೇಕು ಅನ್ನಿಸಿತು. ನೋಡದೆ ಚಿಕಿತ್ಸೆ ಹೇಳುವುದಿಲ್ಲ, ಹೊರಡುವ ಮೊದಲು ಡಾಕ್ಟರಿಗೆ ಒಮ್ಮೆ ತೋರಿಸಿ.

ಇಳಿಯುವಾಗ ಮಾತ್ರ ನೋವು ಅಂದಿದ್ದೀರಿ. ಹತ್ತುವಾಗ ದಣಿಯುವುದು ಹೃದಯ, ಶ್ವಾಸ. ಇಳಿಯುವಾಗ ಪೆಟ್ಟು ಬೀಳುವುದು ಮಂಡಿಗೆ. ಪ್ರತಿ ಹೆಜ್ಜೆಗೂ ತೊಡೆಯ ಮುಂದಿನ ಸ್ನಾಯು ಬ್ರೇಕ್ ಹಿಡಿದ ಹಾಗೆ ಕೆಲಸ ಮಾಡಬೇಕು. ಆ ಸ್ನಾಯು ಸೋತರೆ ಭಾರ ಎಲ್ಲ ಕೀಲಿಗೆ ಹೋಗುತ್ತದೆ. ಅದಕ್ಕೆ ಅಭ್ಯಾಸ ಬೇಕಾದದ್ದು ಇಳಿಯುವುದಕ್ಕೆ. ನಿಮ್ಮ ಅಮ್ಮನಿಗೆ ದಿನಾ ತೋಟಕ್ಕೆ ಇಳಿಯುವ ದಾರಿ ಇದೆ, ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಎರಡು ಕೋಲು ಕೊಡಿಸಿ. ಒಂದಲ್ಲ, ಎರಡು. ಇಳಿಯುವಾಗ ಕೋಲು ಮೊದಲು ಕೆಳಗೆ ಊರಬೇಕು, ಆಮೇಲೆ ಕಾಲು. ಸಣ್ಣ ಸಣ್ಣ ಹೆಜ್ಜೆ. ಇದನ್ನು ಈಗಿನಿಂದಲೇ ತೋಟದ ದಾರಿಯಲ್ಲಿ ರೂಢಿ ಮಾಡಿಸಿ. ಅಲ್ಲಿ ಹೋಗಿ ಹೊಸದಾಗಿ ಕೋಲು ಹಿಡಿದರೆ ಅದೇ ಕಾಲಿಗೆ ಸಿಕ್ಕಿಹಾಕಿಕೊಳ್ಳುತ್ತದೆ.

ಹೊಸ ಬೂಟು ಬೇಡ. ಎರಡು ತಿಂಗಳು ಹಾಕಿ ಪಳಗಿದ ಬೂಟು ಇರಲಿ.

ತೋಟದಮನೆ, ಶಿರಸಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇದನ್ನೆಲ್ಲ ನಿನ್ನೆ ರಾತ್ರಿ ಅಮ್ಮನಿಗೆ ಓದಿ ಹೇಳಿದೆ. ಕುಮಟಾದ ಅಕ್ಕನ ಅಮ್ಮನ ಮಾತು ಓದುವಾಗ ಅಮ್ಮ ಅಡಿಕೆ ಸುಲಿಯುವುದನ್ನು ನಿಲ್ಲಿಸಿ ಕೇಳಿದರು. ಆಮೇಲೆ ಒಂದೇ ಮಾತು ಹೇಳಿದರು: "ಅಪ್ಪ ಎಲ್ಲಿ ಕೂತರೂ ಅವರಿಗೆ ಒಂದು ನೋಟ ಇರುವ ದಾರಿ ಹಿಡಿ."

ಹಾಗಾಗಿ ಆರು ಹಿಮನದಿಯ ಕಡೆ ಮನಸ್ಸು ವಾಲುತ್ತಿದೆ. ಲಾರ್ಚ್ ಬಣ್ಣ ತಪ್ಪುತ್ತದೆ ಅನ್ನುವ ಬೇಸರ ಇದೆ. ಕೆರೆ ದಂಡೆಗೆ ಮುಟ್ಟುವುದು ಹೇಗೆ? ತಂಗಿ ಕಾರಿನಲ್ಲಿ ಕರೆದುಕೊಂಡು ಹೋಗುತ್ತಾಳೆ.

ಕಾಳಿ ದಂಡೆ, ಕಾರವಾರ:

ಕ್ಯಾಲ್ಗರಿಯಿಂದ ಸುಮಾರು 180 ಕಿಲೋಮೀಟರ್, ಎರಡು ತಾಸು. ಆದರೆ ದಂಡೆಯ ಪಾರ್ಕಿಂಗ್ ನಂಬಿ ಹೋಗಬೇಡಿ. ಹಂಗಾಮಿನಲ್ಲಿ ಬೆಳಕು ಹರಿಯುವ ಹೊತ್ತಿಗೆ ತುಂಬಿರುತ್ತದೆ, ಶುಲ್ಕವೂ ಜಾಸ್ತಿ. ಸ್ಕೀ ರೆಸಾರ್ಟ್ ಹತ್ತಿರ ಕಾರು ನಿಲ್ಲಿಸಿ ಪಾರ್ಕ್ಸ್ ಕೆನಡಾದ ಶಟಲ್ ಬಸ್ಸಿನಲ್ಲಿ ಹೋಗುವುದು ಒಳ್ಳೆಯದು. ಸೀಟು ಮೊದಲೇ ಕಾಯ್ದಿರಿಸಬೇಕು. ಒಂದಷ್ಟು ಸೀಟು ವಸಂತದಲ್ಲೇ ಬಿಟ್ಟಿರುತ್ತಾರೆ. ಉಳಿದದ್ದನ್ನು ಪ್ರಯಾಣದ ಎರಡು ದಿನ ಮೊದಲು ಅಲ್ಲಿನ ಬೆಳಿಗ್ಗೆ 8 ಗಂಟೆಗೆ ಬಿಡುತ್ತಾರೆ. ನಮ್ಮ ಸಂಜೆ ಏಳೂವರೆ. ತಂಗಿ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿದ್ದರೆ ಇಲ್ಲಿಂದ ಯಾರಾದರೂ ಕೂತು ಮಾಡಬಹುದು. ನನ್ನ ಅಕ್ಕ ಸದಾಶಿವಗಡದ ಮನೆಯಲ್ಲಿ ಕೂತು ನಮಗೆ ಎರಡು ಸಲ ಮಾಡಿಕೊಟ್ಟಿದ್ದಾಳೆ.

ಹತ್ತಿರದಲ್ಲೇ ಇರುವ ಇನ್ನೊಂದು ಕೆರೆ ಮೊರೇನ್ ಲೇಕ್. ಅದರ ರಸ್ತೆಗೆ 2023ರಿಂದ ಸ್ವಂತ ಕಾರು ಬಿಡುವುದಿಲ್ಲ. ಅಲ್ಲಿಗೂ ಹೋಗುವ ಆಸೆ ಇದ್ದರೆ ಬಸ್ಸೇ.

ಶರಾವತಿ ಕೊನೆ, ಹೊನ್ನಾವರ:

ಕೂಡಿಸಿ ಕರೆದುಕೊಂಡು ಹೋಗುವ ವ್ಯಾನ್ ಪ್ರವಾಸ ಮಾತ್ರ ತೆಗೆದುಕೊಳ್ಳಬೇಡಿ. ನಾನು ಮೊದಲ ಸಲ ಹಾಗೆ ಹೋಗಿದ್ದೆ. ಟೀಹೌಸ್ ಅಂತ ಕಾಗದದಲ್ಲಿ ಬರೆದಿತ್ತು, ಅಲ್ಲಿಗೆ ಹೋದ ಮೇಲೆ ಕೆರೆ ಹತ್ತಿರ ಕೊಟ್ಟದ್ದು ಒಂದೂವರೆ ತಾಸು. ಅಷ್ಟರಲ್ಲಿ ಹತ್ತಿ ಇಳಿಯುವುದು ಸಾಧ್ಯವೇ ಇಲ್ಲ. ಆಗ್ನೆಸ್‌ಗೆ ಕಡಿಮೆ ಅಂದರೆ ಮೂರು ತಾಸು, ಆರು ಹಿಮನದಿಗೆ ನಾಲ್ಕರಿಂದ ಐದು. ವಯಸ್ಸಾದವರ ಜೊತೆ ಆರು ಇಟ್ಟುಕೊಳ್ಳಿ.

ಕರಡಿ ವಿಷಯ ಯಾರೂ ಬರೆಯಲಿಲ್ಲ. ಅದು ಕರಡಿಗಳ ನಾಡು. ಬೇರ್ ಸ್ಪ್ರೇ, ಅಂದರೆ ಕರಡಿ ಮೈಮೇಲೆ ಬಂದರೆ ಹೊಡೆಯುವ ಖಾರದ ಸ್ಪ್ರೇ, ಕ್ಯಾಲ್ಗರಿಯಲ್ಲೋ ಬ್ಯಾನ್ಫ್‌ನಲ್ಲೋ ತೆಗೆದುಕೊಳ್ಳಿ. ವಿಮಾನದಲ್ಲಿ ಒಯ್ಯುವ ಹಾಗಿಲ್ಲ. ಚೀಲದೊಳಗೆ ಅಲ್ಲ, ಕೈಗೆ ಸಿಗುವ ಹಾಗೆ ಸೊಂಟಕ್ಕೆ ಇರಲಿ. ಗುಂಪಾಗಿ ನಡೆಯಿರಿ, ಗಟ್ಟಿಯಾಗಿ ಮಾತಾಡುತ್ತಾ ಇರಿ. ನಮ್ಮ ದನಿ ದೂರದಿಂದ ಕೇಳಿದರೆ ಕರಡಿಯೇ ಬದಿಗೆ ಸರಿಯುತ್ತದೆ, ಹಠಾತ್ತನೆ ಎದುರು ಬಿದ್ದಾಗಲೇ ಅಪಾಯ.

ಕರಿ ಇಶಾಡ, ಅಂಕೋಲಾ:

ತಿನ್ನುವುದಕ್ಕೆ ಸಸ್ಯಾಹಾರ ಸಿಗುತ್ತದಾ?

ಕಾಳಿ ದಂಡೆ, ಕಾರವಾರ:

ಸಿಗುತ್ತದೆ. ಎರಡೂ ಕಡೆ ಸೂಪ್, ಸ್ಯಾಂಡ್‌ವಿಚ್, ಬೇಕ್ ಮಾಡಿದ ತಿನಿಸು ಇರುತ್ತದೆ. ಯಾವುದರಲ್ಲಿ ಏನು ಹಾಕಿದ್ದಾರೆ ಅಂತ ಕೇಳಿಯೇ ತೆಗೆದುಕೊಳ್ಳಿ. ಆಗ್ನೆಸ್‌ನಲ್ಲಿ ನೂರಕ್ಕೂ ಹೆಚ್ಚು ಬಗೆಯ ಚಹಾ. ಆರು ಹಿಮನದಿಯಲ್ಲಿ ಚಾಕೊಲೇಟ್ ಕೇಕ್ ಹೆಸರುವಾಸಿ. ಕಾರ್ಡ್ ನೆಚ್ಚಿಕೊಳ್ಳಬೇಡಿ, ಕೆನಡಾದ ನಗದು ಇಟ್ಟುಕೊಳ್ಳಿ. ಅಕ್ಟೋಬರ್ ನಡುವಿಗೆ ಎರಡೂ ಮುಚ್ಚುತ್ತವೆ.

ಅಳಿಲು, ಹಕ್ಕಿ ತಟ್ಟೆ ಹತ್ತಿರವೇ ಬರುತ್ತವೆ. ಏನೂ ಹಾಕಬೇಡಿ, ದಂಡ ಇದೆ. ತೆಗೆದುಕೊಂಡು ಹೋದ ಕಸ ವಾಪಸ್ ಕೆಳಗೆ.

ತೋಟದಮನೆ, ಶಿರಸಿ:

ಹೋಗಿ ಬಂದೆವು! ಮೊನ್ನೆ ಊರಿಗೆ ಮುಟ್ಟಿದ್ದು. ಇಷ್ಟು ಜನ ಇಷ್ಟು ಮನಸ್ಸಿಟ್ಟು ಹೇಳಿದ್ದೀರಿ, ಅದಕ್ಕೇ ಪೂರ್ತಿ ಬರೆಯುತ್ತೇನೆ.

ಆರು ಹಿಮನದಿಯ ದಾರಿಯನ್ನೇ ಹಿಡಿದೆವು. ಬೆಳಿಗ್ಗೆ ಮೊದಲ ಬಸ್ಸುಗಳಲ್ಲಿ ಒಂದು ಸಿಕ್ಕಿತು. ಇಳಿದಾಗ ಕೆರೆ ಅಲುಗಾಡದೆ ಮಲಗಿತ್ತು. ಎದುರಿಗೆ ಮೌಂಟ್ ವಿಕ್ಟೋರಿಯಾ, 3,464 ಮೀಟರ್, ಪೂರ್ತಿ ನೀರಿನಲ್ಲಿ ತಲೆಕೆಳಗಾಗಿ ಕಾಣುತ್ತಿತ್ತು. ಚಳಿ ಎಷ್ಟಿತ್ತು ಅಂದರೆ ಅಪ್ಪ ಮಾತಾಡಿದಾಗ ಬಾಯಿಂದ ಹೊಗೆ.

ಕೆರೆ ತುದಿಯವರೆಗೆ ನಾಲ್ವರೂ ಹಾಡು ಹೇಳಿದಷ್ಟು ಸುಲಭವಾಗಿ ಹೋದೆವು. ಅಮ್ಮ ನಿಜವಾಗಿಯೂ ಹಾಡುತ್ತಿದ್ದರು. ಕರಡಿಗೆ ದನಿ ಕೇಳಬೇಕು ಅಂತ ಹೊನ್ನಾವರದವರು ಬರೆದದ್ದನ್ನು ನೆನಪಿಟ್ಟು ಒಂದಾದ ಮೇಲೆ ಒಂದು ಭಜನೆ. ಎದುರು ಬಂದ ಒಬ್ಬ ಅಜ್ಜಿ ನಿಂತು ಕೇಳಿ, ಎದೆಯ ಮೇಲೆ ಕೈ ಇಟ್ಟು ನಕ್ಕು ಹೋದರು.

ಕೆರೆಯ ತುದಿಯಲ್ಲಿ ದಾರಿ ಪಕ್ಕವೇ ನೆಟ್ಟಗೆ ಎದ್ದ ಬಂಡೆ ಗೋಡೆಗಳಿವೆ. ಹಗ್ಗ ಕಟ್ಟಿಕೊಂಡು ಹತ್ತುವವರು ದೂರದೂರದಿಂದ ಅಲ್ಲಿಗೆ ಬರುತ್ತಾರಂತೆ. ಅವತ್ತು ಒಬ್ಬ ಹುಡುಗಿ ಹತ್ತುತ್ತಿದ್ದಳು. ಕೆಳಗೆ ಅವಳ ಗೆಳತಿ ಹಗ್ಗ ಹಿಡಿದು ನಿಂತಿದ್ದಳು. ಅಪ್ಪ ಅಲ್ಲೇ ಒಂದು ಕಲ್ಲಿನ ಮೇಲೆ ಕೂತರು. "ನೀವು ಹೋಗಿ ಬನ್ನಿ, ನಾನು ಇವಳು ಮೇಲೆ ಮುಟ್ಟುವುದನ್ನು ನೋಡುತ್ತೇನೆ" ಅಂದರು. ಉಕ್ಕಿನ ಹಗ್ಗದ ಜಾಗದ ವಿಷಯ ಅವರಿಗೆ ಗೊತ್ತಿತ್ತು, ಇಲ್ಲಿ ಬರೆದದ್ದನ್ನು ನಾನೇ ಓದಿ ಹೇಳಿದ್ದೆ. ತಂಗಿ ಅವರ ಜೊತೆ ಉಳಿದಳು. ಆ ದಾರಿಯನ್ನು ಅವಳು ಮೊದಲೇ ನೋಡಿದ್ದಳು.

ನಾನು, ಅಮ್ಮ ಮುಂದೆ ಹೋದೆವು. ಏರು ಏರೇ. ಹೊನ್ನಾವರದವರ ಲೆಕ್ಕ ಪಕ್ಕಾ. ಅಮ್ಮ ನಮ್ಮ ಸೊಪ್ಪಿನ ಬೆಟ್ಟ ಹತ್ತುವ ಹಾಗೆಯೇ ಹತ್ತಿದರು, ನಿಲ್ಲದೆ, ಆದರೆ ತುಂಬಾ ನಿಧಾನ. ನಮ್ಮನ್ನು ದಾಟಿ ಓಡಿದ ಹುಡುಗರು ಮುಂದಿನ ತಿರುವಿನಲ್ಲಿ ಕೂತಿರುತ್ತಿದ್ದರು. ಮರ ಮುಗಿದು ಬಯಲಿಗೆ ಬಂದಾಗ ಗಾಳಿ ಶುರುವಾಯಿತು. ಉಕ್ಕಿನ ಹಗ್ಗದ ಹತ್ತಿರ ಅಮ್ಮ ಎರಡೂ ಕೋಲನ್ನು ನನಗೆ ಕೊಟ್ಟರು, ಎರಡೂ ಕೈಯಲ್ಲಿ ಹಗ್ಗ ಹಿಡಿದು ದಾಟಿದರು.

ಒಂದು ವಿಷಯ ಮುಂದೆ ಹೋಗುವವರಿಗೆ ಹೇಳಬೇಕು. ಹಿಮನದಿ ಅಂದರೆ ಬಿಳಿ ಹೊಳೆ ಅಂದುಕೊಂಡಿದ್ದೆ. ಕೆಳಗಿನ ವಿಕ್ಟೋರಿಯಾ ಹಿಮನದಿ ಹಾಗಿಲ್ಲ. ಮೇಲಿಂದ ಬಿದ್ದ ಕಲ್ಲುಮಣ್ಣು ಮುಚ್ಚಿ ಪೂರ್ತಿ ಬೂದು ಬಣ್ಣ. ನಮ್ಮ ಕಡೆ ಕಲ್ಲು ಕ್ವಾರಿ ಇರುತ್ತದಲ್ಲ, ಹಾಗೆ. ಅಲ್ಲಲ್ಲಿ ಒಡೆದ ಕಡೆ ಮಾತ್ರ ಒಳಗಿನ ಮಂಜು ಕಪ್ಪು ಗಾಜಿನ ಥರ ಹೊಳೆಯುತ್ತದೆ. ಬಿಳಿ ಇರುವುದು ಮೇಲೆ, ಬೆಟ್ಟದ ಹೆಗಲ ಮೇಲೆ ತೂಗುವ ಹಾಗೆ.

ಟೀಹೌಸ್ ಕಲ್ಲು, ಮರದ ಎರಡಂತಸ್ತಿನ ಮನೆ. ರೈಲ್ವೆಯವರು ಕರೆಸಿದ ಸ್ವಿಸ್ ಮಾರ್ಗದರ್ಶಿಗಳು 1920ರ ದಶಕದಲ್ಲಿ ಕಟ್ಟಿದ್ದು. ಮೇಲೆ ಬೆಟ್ಟಗಳ ನಡುವಿನ ಕಣಿವೆದಾರಿ ಅಬಟ್ ಪಾಸ್‌ಗೆ ಹೋಗುವ ಪರ್ವತಾರೋಹಿಗಳು ನಡುವೆ ತಂಗಲಿ ಅಂತ. ಆ ಪಾಸ್‌ನಲ್ಲಿ 2,925 ಮೀಟರ್ ಎತ್ತರದಲ್ಲಿ ಅವರೇ 1922ರಲ್ಲಿ ಕಟ್ಟಿದ ಕಲ್ಲಿನ ಮನೆ ಇತ್ತಂತೆ. ಅಡಿಯ ಮಂಜು ಕರಗಿ ಇಳಿಜಾರು ಕುಸಿಯುತ್ತಾ ಬಂತು. ನೂರು ವರ್ಷ ನಿಂತ ಮನೆಯನ್ನು 2022ರಲ್ಲಿ ಬಿಚ್ಚಿ ಕೆಳಗೆ ತಂದರು. ಇದನ್ನು ಕೇಳಿ ಅಮ್ಮ ತುಂಬಾ ಹೊತ್ತು ಆ ಕಡೆಯೇ ನೋಡುತ್ತಿದ್ದರು. ಕಳೆದ ಕೆಲವು ಮಳೆಗಾಲಗಳಲ್ಲಿ ನಮ್ಮ ಕಡೆ ಗುಡ್ಡ ಜರಿದದ್ದು ನೋಡಿದವರಿಗೆ ಅದು ದೂರದ ಸುದ್ದಿ ಅನ್ನಿಸುವುದಿಲ್ಲ.

ಜಗುಲಿಯಲ್ಲಿ ಜಾಗ ಸಿಕ್ಕಿತು. ಚಹಾ ಬರುವ ಮೊದಲು ಗುಡುಗಿದ ಶಬ್ದ. ಆಕಾಶ ಪೂರ್ತಿ ನೀಲಿ, ಒಂದು ಮೋಡ ಇಲ್ಲ. ಅಮ್ಮ ತಲೆ ಎತ್ತಿ ಮೋಡ ಹುಡುಕಿದರು. ಪಕ್ಕದವರು ಬೆರಳು ತೋರಿಸಿದರು. ವಿಕ್ಟೋರಿಯಾದ ಮೇಲಿಂದ ಮಂಜಿನ ಗೋಡೆ ಒಡೆದು ಬಿದ್ದಿತ್ತು. ಬಂಡೆಯ ಮೇಲೆ ಬಿಳಿ ಪುಡಿ ಹಿಟ್ಟು ಸುರಿದ ಹಾಗೆ ಇಳಿಯುತ್ತಲೇ ಇತ್ತು. ಶಬ್ದ ನಿಂತ ಮೇಲೂ ಇಳಿಯುತ್ತಿತ್ತು. ಅಮ್ಮ ನನ್ನ ಕೈ ಹಿಡಿದರು, ಬಿಡಲಿಲ್ಲ.

ಕೇಕ್ ತಿಂದೆವು. ಒಂದು ತುಂಡು ಇಬ್ಬರಿಗೆ ಧಾರಾಳ ಆಯಿತು.

ಇಳಿಯುವಾಗ ಯಲ್ಲಾಪುರದವರು ಹೇಳಿದ ಹಾಗೆ ಕೋಲು ಮೊದಲು, ಕಾಲು ಆಮೇಲೆ. ಎರಡು ತಿಂಗಳು ತೋಟದ ದಾರಿಯಲ್ಲಿ ಮಾಡಿಸಿದ್ದೆ. ಮಂಡಿ ನೋಯಲಿಲ್ಲ ಅಂತ ಅಲ್ಲ. ಕೊನೆಯ ಅರ್ಧ ತಾಸು ನೋಯಿತು. ಆಮೇಲೆ ಕೆರೆ ದಂಡೆ ಬಂತು, ಸಮತಟ್ಟು ನೆಲ, ಕಾಲು ತಾನಾಗಿ ಸುಧಾರಿಸಿತು. ಈ ದಾರಿಯ ಕೊನೆಯ ಎರಡು ಕಿಲೋಮೀಟರ್ ಮೊಣಕಾಲಿನವರಿಗೆ ದೊಡ್ಡ ಉಪಕಾರ.

ಅಪ್ಪ ಅದೇ ಕಲ್ಲಿನ ಮೇಲಿದ್ದರು. ನಾಲ್ಕು ತಾಸಿಗಿಂತ ಜಾಸ್ತಿ ಆಗಿತ್ತು. ನಾನು ಕ್ಷಮೆ ಕೇಳುವ ಮೊದಲೇ ಶುರು ಮಾಡಿದರು. ಆ ಹುಡುಗಿ ಒಂದೇ ಜಾಗದಲ್ಲಿ ಮೂರು ಸಲ ಜಾರಿದಳಂತೆ. ಜಾರಿದಾಗೆಲ್ಲ ಹಗ್ಗದಲ್ಲಿ ತೂಗುತ್ತಾ ಬಂಡೆಯನ್ನು ಕೈಯಲ್ಲಿ ತಡವಿ ತಡವಿ ನೋಡುತ್ತಿದ್ದಳಂತೆ. ನಾಲ್ಕನೇ ಸಲ ದಾಟಿದಳು. ಅಪ್ಪ ಎದ್ದು ನಿಂತು ಚಪ್ಪಾಳೆ ಹೊಡೆದಿದ್ದಾರೆ. ಕೆಳಗೆ ಇಳಿದು ಬಂದು ಅವಳು ಅಪ್ಪನ ಕೈ ಕುಲುಕಿದ್ದಾಳೆ. ಅವಳ ಬೆರಳ ತುದಿ ಪೂರ್ತಿ ಸುಣ್ಣ ಹಚ್ಚಿದ ಹಾಗೆ ಬೆಳ್ಳಗಿತ್ತು ಅಂತ ಅಪ್ಪ ಇಲ್ಲಿ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಾರೆ.

ಕಡಲಹಕ್ಕಿ, ಕುಮಟಾ:

ಓದಿ ಕಣ್ಣು ತುಂಬಿತು. ಇದನ್ನು ನನ್ನ ಅಮ್ಮನಿಗೆ ಓದಿ ಹೇಳುತ್ತೇನೆ. ಮುಂದಿನ ವರ್ಷ ಹೋದರೆ ಮತ್ತೆ ಅದೇ ದಾರಿಯಲ್ಲಿ, ಕೆರೆ ತುದಿಗಿಂತ ಸ್ವಲ್ಪ ಮುಂದೆ.

ಕಾಳಿ ದಂಡೆ, ಕಾರವಾರ:

ನಾನು ನನ್ನ ಮತ ಬದಲಿಸುವುದಿಲ್ಲ, ಇಬ್ಬರೂ ಗಟ್ಟಿ ಕಾಲಿನವರಾಗಿದ್ದರೆ ಸೆಪ್ಟೆಂಬರಿನಲ್ಲಿ ಆಗ್ನೆಸ್ಸೇ. ಆದರೆ ನಿಮ್ಮ ಮನೆಯವರಿಗೆ ನೀವು ಹಿಡಿದ ದಾರಿಯೇ ಸರಿಯಾಗಿತ್ತು. ಲಾರ್ಚ್ ಎಲ್ಲಾದರೂ ಕಂಡಿತಾ?

ತೋಟದಮನೆ, ಶಿರಸಿ:

ವಾಪಸ್ ಬರುವಾಗ ಎಡಗಡೆ ತುಂಬಾ ಮೇಲೆ, ಬೀಹೈವ್ ಕಡೆ, ಅರಿಶಿನ ಚೆಲ್ಲಿದ ಹಾಗೆ ಒಂದು ಪಟ್ಟಿ ಕಂಡಿತು. ಅದೇ ಇರಬೇಕು ಅಂತ ತಂಗಿ ಹೇಳಿದಳು.

ಕರಿ ಇಶಾಡ, ಅಂಕೋಲಾ:

ಮೇಲೆ ಅಮ್ಮ ಯಾವ ಚಹಾ ಕುಡಿದರು ಅಂತ ಬರೆಯಲೇ ಇಲ್ಲವಲ್ಲ?

ತೋಟದಮನೆ, ಶಿರಸಿ:

ಹೆಸರು ಓದಿ ಗೊಂದಲ ಆಗಿ ಅಮ್ಮ "ಕರಿ ಚಹಾ, ಹಾಲು ಬೇರೆ" ಅಂದರು. ಎರಡು ಲೋಟ ಕುಡಿದರು. ಅಪ್ಪನಿಗೂ ಸ್ವಲ್ಪ ತೆಗೆದುಕೊಂಡು ಹೋಗೋಣ ಅಂತ ಮನೆಯಿಂದ ತಂದ ಫ್ಲಾಸ್ಕ್ ಹುಡುಕಿದರು. ಅದು ಕೆಳಗೆ ಅಪ್ಪನ ಹತ್ತಿರವೇ ಉಳಿದಿತ್ತು. ನಾವು ಇಳಿದು ಬರುವಷ್ಟರಲ್ಲಿ ಅದರಲ್ಲಿದ್ದ ಕಷಾಯವನ್ನು ಅಪ್ಪ, ತಂಗಿ, ಆ ಹುಡುಗಿ, ಅವಳ ಗೆಳತಿ ನಾಲ್ವರೂ ಕುಡಿದು ಮುಗಿಸಿದ್ದರು.